ಪಂಢರಪುರ ವಾರಿಯ ಇಸ್ಪೀಟು ಎಲೆ: ರಾಜನ ಜಾಗಕ್ಕೆ ಯಾರು?

ಬೆಳಗಾವಿ_ಬಣ್ಣ:
ವಾರಿ, ಅಂದರೆ ವಿಠ್ಠಲನ ದರ್ಶನಕ್ಕೆ ಪಂಢರಪುರಕ್ಕೆ ನಡೆದು ಹೋಗುವ ಯಾತ್ರೆ. ಅದರ ಮೇಲೆ ಒಂದು ಕಟ್ಟು ಇಸ್ಪೀಟು ಎಲೆ ಬರೆಯುತ್ತಿದ್ದೇನೆ. ನಮ್ಮ ಅತ್ತೆಯವರು ಆಷಾಢ ಬಂದರೆ ಆಳಂದಿಯಿಂದ ದಿಂಡಿ (ಭಜನೆ ಮಾಡುತ್ತ ನಡೆಯುವ ಯಾತ್ರಿಕರ ತಂಡ) ಜೊತೆ ನಡೆಯುವವರು. ಮೊಮ್ಮಕ್ಕಳಿಗೆ ಆ ದಾರಿ ಆಟದಲ್ಲೇ ಬಾಯಿಗೆ ಬರಲಿ ಅಂತ ಆಸೆ. ಇಸ್ಪೀಟು, ಆಟೀನು, ಕಳಾವರ್, ಡೈಮಂಡ್ ಬದಲು ವೀಣೆ, ತಾಳ, ತುಳಸಿ, ಪತಾಕೆ. ಎಕ್ಕಕ್ಕೆ ಆಳಂದಿ. ಆಮೇಲೆ ಪುಣೆ, ಸಾಸವಡ, ಜೇಜುರಿ ಹೀಗೆ ಸಾಗಿ ಹತ್ತಕ್ಕೆ ಪಂಢರಪುರದ ಹತ್ತಿರದ ವಾಖರಿ.

ರಾಜನ ಜಾಗಕ್ಕೆ ವಿಠ್ಠಲನನ್ನು ಬರೆದೆ. ಅತ್ತೆಗೆ ಹಿಡಿಸಲಿಲ್ಲ. "ನೆಲಕ್ಕೆ ಎಸೆಯೋ ಎಲೆ ಮೇಲೆ ದೇವರಾ?" ಅಂತಾರೆ. ಏನು ಮಾಡಲಿ? ಇನ್ನೊಂದು ತೊಂದರೆ, ಹತ್ತು ವೀಣೆ ಬರೆದರೆ ಸುಮ್ನೆ ಕಟ್ಟಿಗೆ ಹೊರೆ ಥರ ಕಾಣುತ್ತದೆ.

ಮೈಸೂರು_ಕುಂಚ:
ಎಲೆ ಮೇಲೆ ದೇವರು ಹೊಸದಲ್ಲ. ದಶಾವತಾರ ಗಂಜೀಫ ಎಂಬ ಹಳೆಯ ಎಲೆ ಆಟದಲ್ಲಿ 120 ದುಂಡನೆಯ ಎಲೆ, ಒಂದೊಂದು ಅವತಾರಕ್ಕೆ 12. ಪುರಿ ಕಡೆ ಬುದ್ಧನ ಜಾಗದಲ್ಲಿ ಜಗನ್ನಾಥ ಬರುವುದೂ ಉಂಟು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಎಲೆ ಆಟಗಳಿಗೇ ಜಾಗ ಕೊಟ್ಟಿದ್ದಾರೆ. ಸಾಮಾನ್ಯವಾಗಿ ದೇವರು ಕೂರುವುದು ರಾಜ, ಮಂತ್ರಿ ಎಲೆಯಲ್ಲಿ. ಉಳಿದ ಹತ್ತಕ್ಕೆ ಮೀನು, ಆಮೆ, ಕೊಡಲಿಯಂಥ ಗುರುತು ಮಾತ್ರ.

ವೀಣೆ ಪೂರ್ತಿ ಬರೆಯಬೇಡಿ. ಕೆಳಗಿನ ಬುರುಡೆ, ಮೋಟು ದಂಡಿ, ಎರಡು ತಂತಿ ಸಾಕು. ಐದು ನೆಟ್ಟಗೆ, ಐದು ತಲೆಕೆಳಗಾಗಿ ಇಡಿ. ಎಲೆ ಹೇಗೆ ಹಿಡಿದರೂ ಲೆಕ್ಕ ಸಿಗುತ್ತದೆ.

ದಿಂಡಿ_ಅಕ್ಕ:
ನಾನು ಅತ್ತೆಯವರ ಕಡೆ. ದೇವರನ್ನು ಬರೆಯಬಾರದು ಅಂತಲ್ಲ. ವಾರಿಯಲ್ಲಿ ಯಾರು ಎದುರಾದರೂ "ಮಾವುಲಿ" (ತಾಯಿ) ಅಂತ ಕರೆಯುತ್ತಾರೆ, ಒಬ್ಬರ ಕಾಲು ಒಬ್ಬರು ಮುಟ್ಟುತ್ತಾರೆ. ಅಲ್ಲಿ ರಾಜ ಯಾರು, ಗುಲಾಮ ಯಾರು? ಆ ಮೂರು ಎಲೆ ದಿಂಡಿಗೇ ಬಿಡಿ. ಗುಲಾಮನ ಬದಲು ಮುಂದೆ ನಡೆಯುವ ಪತಾಕೆಯವನು. ರಾಣಿ ಬದಲು ತಲೆ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸು, ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿರಲಿ, ಮಳೆಗಾಲದ ದಾರಿ ಅಲ್ವಾ. ರಾಜನ ಬದಲು ವೀಣೇಕರಿ, ಅಂದರೆ ದಿಂಡಿಯ ವೀಣೆ ಕೊರಳಿಗೆ ಹಾಕಿಕೊಂಡು ನಡೆಯುವವರು. ದಿಂಡಿ ನಡೆಯುವಷ್ಟು ಹೊತ್ತು ವೀಣೆ ನೆಲ ಕಾಣುವುದಿಲ್ಲ, ಒಬ್ಬರ ಕೊರಳಿಂದ ಇನ್ನೊಬ್ಬರ ಕೊರಳಿಗೆ ಹೋಗುತ್ತದೆ.

ಚಿಕ್ಕೋಡಿ_ಓದುಗ:
ಜೋಕರ್ ಮರೆತಿರಲ್ಲ! ಆಳಂದಿಯ ಸಂತ ಜ್ಞಾನೇಶ್ವರರ ಪಲ್ಲಕ್ಕಿ ಜೊತೆ ಸಾಗುವ ಎರಡು ಕುದುರೆ ಹೋಗುವುದು ನಮ್ಮ ತಾಲೂಕಿನ ಅಂಕಲಿಯಿಂದ, ಶಿತೋಳೆ ಸರ್ಕಾರರ ಮನೆಯಿಂದ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದು ಮಾವುಲಿಯ, ಅಂದರೆ ಜ್ಞಾನೇಶ್ವರರ ಕುದುರೆ. ರಿಂಗಣದಲ್ಲಿ, ಅಂದರೆ ದಾರಿಯಲ್ಲಿ ಯಾತ್ರಿಕರ ನಡುವೆ ನಡೆಯುವ ಕುದುರೆ ಓಟದಲ್ಲಿ, ಎರಡೂ ಓಡುತ್ತವೆ. ಓಡಿ ಮುಗಿದ ಮೇಲೆ ಗೊರಸಿನ ಮಣ್ಣನ್ನು ಜನ ಹಣೆಗೆ ಹಚ್ಚಿಕೊಳ್ಳುತ್ತಾರೆ. ಎರಡು ಜೋಕರಿಗೆ ಎರಡು ಕುದುರೆ, ನೋಡ್ರಿ.

ಬೆಳಗಾವಿ_ಬಣ್ಣ:
ಅತ್ತೆಗೆ ಓದಿ ಹೇಳಿದೆ. ವೀಣೇಕರಿಗೆ ಒಪ್ಪಿದರು, ತುಳಸಿಯ ಹೆಂಗಸಿನ ಜೊತೆಗೆ ನೀರಿನ ಕೊಡದವಳೂ ಇರಲಿ ಅಂದರು. ನಾಳೆ ಕುದುರೆ ಶುರು. ಅಂಕಲಿಯವರು ಯಾರಾದರೂ ಇದ್ದರೆ ಜೀನು, ಲಗಾಮಿನ ಫೋಟೋ ಹಾಕಿ ದಯವಿಟ್ಟು, ಹತ್ತಿರದಿಂದ ತೆಗೆದದ್ದು ಬೇಕು.