ಎನ್‌ಎಫ್‌ಎಸ್ ಮೇಲಿನ ಎಸ್‌ವಿಎನ್: ‘ನೋ ಲಾಕ್ಸ್ ಅವೈಲೆಬಲ್’ ಅಂತ ಕಮಿಟ್ ನಿಲ್ತಿದೆ

ಅಪ್ಪೆಮಿಡಿ (ಶಿರಸಿ):
ನಾಲ್ಕು ಲಿನಕ್ಸ್ ಕಂಪ್ಯೂಟರ್, ಒಂದು ಎರಡು ಡಿಸ್ಕಿನ ನ್ಯಾಸ್ (ನೆಟ್‌ವರ್ಕಿನಲ್ಲಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ). ಅಡಿಕೆ ತೋಟ, ಸೊಪ್ಪಿನ ಬೆಟ್ಟಗಳ ಗಡಿ ನಕ್ಷೆಗಳೆಲ್ಲ ಎಸ್‌ವಿಎನ್ 1.14 (ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ) ರೆಪೊಸಿಟರಿಯಲ್ಲಿ, ಅಂದರೆ ಅದರ ಮೂಲ ಭಂಡಾರದಲ್ಲಿವೆ. ರೆಪೊಸಿಟರಿ ಇರುವುದು ನ್ಯಾಸ್‌ನಲ್ಲಿ. ಎಲ್ಲರೂ ಅದನ್ನು ಎನ್‌ಎಫ್‌ಎಸ್ 3ರಲ್ಲಿ (ನೆಟ್‌ವರ್ಕ್ ಮೂಲಕ ಕಡತ ಹಂಚುವ ಪ್ರೊಟೊಕಾಲ್) ಮೌಂಟ್ ಮಾಡಿಕೊಂಡು, ಅಂದರೆ ಸ್ವಂತ ಫೋಲ್ಡರಿನಂತೆ ಜೋಡಿಸಿಕೊಂಡು, ‘ಫೈಲ್:///’ ವಿಳಾಸದಿಂದ ನೇರ ಕಮಿಟ್ ಮಾಡುತ್ತೇವೆ (ಬದಲಾವಣೆ ಸೇರಿಸುತ್ತೇವೆ). ಮಳೆಗೆ ಕರೆಂಟ್ ಹೋಗಿ ಬಂದಾಗಿನಿಂದ ಮೂರು ಕಂಪ್ಯೂಟರಿನಲ್ಲಿ ಕಮಿಟ್ ಕೊಟ್ಟರೆ ಹೀಗೆ ಬರುತ್ತಿದೆ:

‘ಕಾಂಟ್ ಗೆಟ್ ಎಕ್ಸ್‌ಕ್ಲೂಸಿವ್ ಲಾಕ್ ಆನ್ ಫೈಲ್ …/ಡಿಬಿ/ರೈಟ್-ಲಾಕ್: ನೋ ಲಾಕ್ಸ್ ಅವೈಲೆಬಲ್’

ನಾಲ್ಕನೆಯದರಲ್ಲಿ ಮಾತ್ರ ಏನೂ ತೊಂದರೆ ಇಲ್ಲ. ‘ಎಸ್‌ವಿಎನ್ ಕ್ಲೀನಪ್’ ಮಾಡಿದರೂ ಅಷ್ಟೆ. ರೈಟ್-ಲಾಕ್ ಕಡತವನ್ನೇ ಅಳಿಸಿಬಿಡಲೇ?

ಸದಾಶಿವಗಡ (ಕಾರವಾರ):
ಅಳಿಸಬೇಡಿ ಮಾರಾಯ್ರೆ. ಗಿಟ್‌ನ (ಎಸ್‌ವಿಎನ್ ತರಹದ್ದೇ ಇನ್ನೊಂದು ತಂತ್ರಾಂಶ) ‘ಇಂಡೆಕ್ಸ್.ಲಾಕ್’ ಅಭ್ಯಾಸ ಇದ್ದವರಿಗೆ ಮೊದಲು ತೋಚುವುದೇ ಇದು. ಅಲ್ಲಿ ಕಡತ ಇದೆ ಅನ್ನುವುದೇ ಬೀಗ (ಲಾಕ್), ಹಾಗಾಗಿ ಅಳಿಸಿದರೆ ತೆರೆಯುತ್ತದೆ. ಇಲ್ಲಿ ಹಾಗಲ್ಲ. ರೈಟ್-ಲಾಕ್ ಕಡತ ನೋಡಿ, ಸೊನ್ನೆ ಬೈಟ್, ಯಾವುದೋ ಕಾಲದ ತಾರೀಕು. ಅದು ಸದಾ ಅಲ್ಲೇ ಇರುತ್ತದೆ. ಬೀಗದ ಲೆಕ್ಕ ಇಡುವುದು ಕರ್ನಲ್. ಒಬ್ಬರು ಬೀಗ ಹಿಡಿದಿರುವಾಗ ನೀವು ಅಳಿಸಿ ಹೊಸದು ಹುಟ್ಟಿದರೆ, ಹೆಸರು ಒಂದೇ, ಐನೋಡ್ (ಡಿಸ್ಕಿನಲ್ಲಿ ಕಡತದ ನಿಜವಾದ ಗುರುತು) ಬೇರೆ. ಅಲ್ಲಿಗೆ ಇಬ್ಬರ ಕೈಯಲ್ಲೂ ಬೀಗ ಇದ್ದಂತಾಯಿತು.

ಕ್ಲೀನಪ್ ಕೆಲಸ ಮಾಡುವುದು ವರ್ಕಿಂಗ್ ಕಾಪಿಯ (ನೀವು ತಿದ್ದಲು ಇಳಿಸಿಕೊಂಡ ಪ್ರತಿ) ಮೇಲೆ, ರೆಪೊಸಿಟರಿಯ ಮೇಲಲ್ಲ. ಮೂರು ವಿಷಯ ಹೇಳಿ:
– ಪ್ರತಿ ಕಂಪ್ಯೂಟರಿನ /ಪ್ರಾಕ್/ಮೌಂಟ್ಸ್‌ನಲ್ಲಿ ನ್ಯಾಸ್‌ನ ಸಾಲು
– ಡಿಎಂಇಎಸ್‌ಜಿಯಲ್ಲಿ (ಕರ್ನಲ್ ಸಂದೇಶಗಳು) ‘ಲಾಕ್‌ಡಿ’ (ಎನ್‌ಎಫ್‌ಎಸ್‌ನ ಬೀಗ ನೋಡಿಕೊಳ್ಳುವ ಸೇವೆ) ಅಂತ ಶುರುವಾಗುವ ಸಾಲುಗಳು
– ‘ಆರ್‌ಪಿಸಿ-ಸ್ಟ್ಯಾಟ್‌ಡಿ’ ಸರ್ವಿಸ್ (ಆಚೆ ಬದಿಯ ಯಂತ್ರ ರೀಬೂಟ್ ಆದರೆ ತಿಳಿಸುವುದು) ಓಡುತ್ತಿದೆಯೋ ಇಲ್ಲವೋ

ಅಪ್ಪೆಮಿಡಿ:
ಮೂರರಲ್ಲೂ ‘ಲಾಕ್‌ಡಿ: ಕೆನಾಟ್ ಮಾನಿಟರ್’ ಅಂತಿದೆ, ಸ್ಟ್ಯಾಟ್‌ಡಿ ನಿಂತಿದೆ. ನಾಲ್ಕನೆಯದರ ಮೌಂಟ್ ಸಾಲಿನಲ್ಲಿ ‘ನೋಲಾಕ್’ ಅಂತ ಕಾಣುತ್ತಿದೆ. ಉಳಿದ ಮೂರಕ್ಕೂ ಅದನ್ನೇ ಹಾಕಿದರೆ ಆಯ್ತಲ್ಲವೇ?

ಸದಾಶಿವಗಡ:
ಆಗಲಿಲ್ಲ! ಕೆಟ್ಟಿರುವುದು ಆ ನಾಲ್ಕನೆಯದೇ. ಮೂರು ಕಂಪ್ಯೂಟರ್ ಸತ್ಯ ಹೇಳುತ್ತಿವೆ.

ಎನ್‌ಎಫ್‌ಎಸ್ 3ರಲ್ಲಿ ಬೀಗದ ಕೆಲಸಕ್ಕೆ ಬೇರೆಯೇ ಪ್ರೊಟೊಕಾಲ್ ಇದೆ. ನ್ಯಾಸ್ ಬದಿ, ಕಂಪ್ಯೂಟರ್ ಬದಿ ಎರಡೂ ಕಡೆ ಲಾಕ್‌ಡಿ, ಸ್ಟ್ಯಾಟ್‌ಡಿ ಎರಡೂ ಎದ್ದಿರಬೇಕು. ಸ್ಟ್ಯಾಟ್‌ಡಿ ಇಲ್ಲದೆ ಮೌಂಟ್ ಮಾಡಹೊರಟರೆ ಮೌಂಟ್ ಕಮಾಂಡೇ ‘ಸ್ಟ್ಯಾಟ್‌ಡಿ ಶುರು ಮಾಡಿ, ಇಲ್ಲವೇ ನೋಲಾಕ್ ಹಾಕಿ’ ಅನ್ನುತ್ತದೆ. ಯಾರೋ ಸುಲಭದ್ದನ್ನು ಆರಿಸಿಕೊಂಡಿದ್ದಾರೆ. ನೋಲಾಕ್ ಹಾಕಿದರೆ ಬೀಗದ ಸುದ್ದಿ ಆ ಕಂಪ್ಯೂಟರಿನ ಹೊಸ್ತಿಲು ದಾಟುವುದಿಲ್ಲ. ತನಗೆ ತಾನೇ ಬೀಗ ಕೊಟ್ಟುಕೊಳ್ಳುತ್ತದೆ, ಉಳಿದವರಿಗೆ ಗೊತ್ತೇ ಆಗುವುದಿಲ್ಲ.

ಇಬ್ಬರು ಒಟ್ಟಿಗೆ ಕಮಿಟ್ ಕೊಟ್ಟರೆ ಏನಾಗುತ್ತದೆ ನೋಡಿ. ಇಬ್ಬರೂ ‘ಡಿಬಿ/ಕರೆಂಟ್’ (ಕೊನೆಯ ಕಮಿಟ್‌ನ ರಿವಿಷನ್ ಸಂಖ್ಯೆ ಇರುವ ಕಡತ) ಓದುತ್ತಾರೆ, 412 ಅಂತಿರುತ್ತದೆ. ಇಬ್ಬರೂ ತಮ್ಮದನ್ನು ‘ಡಿಬಿ/ರೆವ್ಸ್/0/413’ ಅಂತ ಇಡುತ್ತಾರೆ. ಎರಡನೆಯವರದು ಮೊದಲನೆಯದರ ಮೇಲೆ ಕೂರುತ್ತದೆ. ‘413 ಕಮಿಟ್ ಆಯಿತು’ ಎಂಬ ಸಂದೇಶ ಮಾತ್ರ ಇಬ್ಬರಿಗೂ ಹೋಗಿರುತ್ತದೆ.

ಈಗ ಮಾಡಬೇಕಾದ್ದು: ಮೂರರಲ್ಲಿ ಸ್ಟ್ಯಾಟ್‌ಡಿ ಸ್ಟಾರ್ಟ್ ಮಾಡಿ, ಎನೇಬಲ್ ಕೂಡ ಮಾಡಿ. ನಾಲ್ಕನೆಯದರ ಎಫ್‌ಎಸ್‌ಟ್ಯಾಬ್‌ನಿಂದ (ಮೌಂಟ್ ಪಟ್ಟಿಯ ಕಡತ) ನೋಲಾಕ್ ತೆಗೆಯಿರಿ. ರಿಮೌಂಟ್ ಸಾಲದು, ಪೂರ್ತಿ ಅನ್‌ಮೌಂಟ್ ಮಾಡಿ ಹೊಸದಾಗಿ ಮೌಂಟ್ ಮಾಡಬೇಕು. ನ್ಯಾಸ್‌ನಲ್ಲಿ ಎನ್‌ಎಫ್‌ಎಸ್ 4.1 ಇದ್ದರೆ ಅದಕ್ಕೇ ಹೋಗಿ. ಬೀಗ ಪ್ರೊಟೊಕಾಲಿನ ಒಳಗೇ ಇದೆ, 2049 ಒಂದೇ ಪೋರ್ಟ್ ಸಾಕು, ಸ್ಟ್ಯಾಟ್‌ಡಿ ರಗಳೆ ಇಲ್ಲ. ಕರೆಂಟ್ ಬಂದು ನ್ಯಾಸ್ ಎದ್ದ ಕೂಡಲೇ ಕಮಿಟ್ ಒಂದೂವರೆ ನಿಮಿಷ ಸುಮ್ಮನೆ ನಿಂತರೆ ಗಾಬರಿಯಾಗಬೇಡಿ, ಹಳೆಯ ಬೀಗದವರು ಬಂದು ಹೇಳಿಕೊಳ್ಳಲಿ ಅಂತ ಲಿನಕ್ಸ್ ಸರ್ವರ್ ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ.

ಆಮೇಲೆ ಪರೀಕ್ಷೆ. ಮೌಂಟಿನಲ್ಲಿ ‘ಪರೀಕ್ಷೆ’ ಹೆಸರಿನ ಒಂದು ಖಾಲಿ ಕಡತ ಮಾಡಿ. ಮೊದಲ ಕಂಪ್ಯೂಟರಿನಲ್ಲಿ ‘ಎಫ್‌ಲಾಕ್ ಪರೀಕ್ಷೆ ಸ್ಲೀಪ್ 60’. ಅದು ಓಡುತ್ತಿರುವಾಗಲೇ ಎರಡನೆಯದರಲ್ಲಿ ‘ಎಫ್‌ಲಾಕ್ -ಎನ್ ಪರೀಕ್ಷೆ ಎಕೋ ಸಿಕ್ಕಿತು’. ‘ಸಿಕ್ಕಿತು’ ಅಂತ ಬಂದರೆ ಬೀಗ ಹಂಚಿಕೆಯಾಗುತ್ತಿಲ್ಲ. ಏನೂ ಬರದೆ ವಾಪಸಾದರೆ ಸರಿ ಇದೆ. ಎರಡೆರಡು ಕಂಪ್ಯೂಟರ್ ಜೋಡಿ ಮಾಡಿ ಎಲ್ಲ ಕಡೆ ನೋಡಿ.

ಅಪ್ಪೆಮಿಡಿ:
4.1 ಸಿಕ್ಕಿತು, ನಾಲ್ಕೂ ಕಂಪ್ಯೂಟರ್ ಪರೀಕ್ಷೆಯಲ್ಲಿ ಪಾಸ್. ‘ಎಸ್‌ವಿಎನ್‌ಅಡ್ಮಿನ್ ವೆರಿಫೈ’ ಕೂಡ ಕೊನೆಯವರೆಗೆ ಒಂದೂ ತಪ್ಪು ತೋರಿಸಲಿಲ್ಲ. ಹಾಗಾದರೆ ಏನೂ ಕಳೆದಿಲ್ಲ ಅಂತಲ್ಲವೇ?

ಸದಾಶಿವಗಡ:
ಅಷ್ಟು ಹೇಳಲಿಕ್ಕೆ ಬರುವುದಿಲ್ಲ. ಇರುವ ರಿವಿಷನ್ ಸರಿಯಿದೆಯೇ ಅಂತಷ್ಟೇ ವೆರಿಫೈ ನೋಡುತ್ತದೆ. ಒಂದರ ಮೇಲೊಂದು ನೀಟಾಗಿ ಕೂತಿದ್ದರೆ ಕೆಳಗಿನದು ಇತ್ತು ಅಂತ ಅದಕ್ಕೆ ತಿಳಿಯುವ ದಾರಿಯಿಲ್ಲ. ಎಸ್‌ವಿಎನ್ ಲಾಗ್ ತೆಗೆದು ಪ್ರತಿಯೊಬ್ಬರೂ ತಮ್ಮ ಕಮಿಟ್‌ಗಳು ಅದರಲ್ಲಿವೆಯೇ ಅಂತ ತಾಳೆ ನೋಡಲಿ. ಅಪ್‌ಡೇಟ್ ಮಾಡುವಾಗ ಯಾರಿಗಾದರೂ ‘ಚೆಕ್‌ಸಮ್ ಮಿಸ್‌ಮ್ಯಾಚ್’ ಬಂದರೆ ಅವರ ವರ್ಕಿಂಗ್ ಕಾಪಿಯನ್ನು ಮುಟ್ಟದೆ ಬೇರೆ ಕಡೆ ಕಾಪಿ ಮಾಡಿಡಿ. ಕಳೆದದ್ದು ಸಿಗುವುದಿದ್ದರೆ ಅಲ್ಲೇ.

ಅಘನಾಶಿನಿ (ಕುಮಟಾ):
ಮೇಲಿನದು ಇವತ್ತಿನ ಮಟ್ಟಿಗೆ ಸಾಕು. ನನ್ನ ಪ್ರಕಾರ ‘ಫೈಲ್:///’ ಅನ್ನೇ ಬಿಡಬೇಕು. ರೆಪೊಸಿಟರಿ ಯಾವ ಡಿಸ್ಕಿನಲ್ಲಿದೆಯೋ ಆ ಡಿಸ್ಕ್ ಇರುವ ಕಂಪ್ಯೂಟರ್ ಒಂದೇ ಅದನ್ನು ಮುಟ್ಟಲಿ, ಉಳಿದವರು ಎಸ್‌ವಿಎನ್‌ಸರ್ವ್ (ಎಸ್‌ವಿಎನ್‌ನದೇ ಸರ್ವರ್) ಮೂಲಕ ಕೇಳಲಿ. ಆಗ ಬೀಗ ಲೋಕಲ್, ನೆಟ್‌ವರ್ಕಿಗೆ ಬರುವುದೇ ಇಲ್ಲ. ನ್ಯಾಸ್‌ನಲ್ಲಿ ಅದನ್ನು ಹಾಕಲು ಆಗದಿದ್ದರೆ ಹಳೆಯ ಡೆಸ್ಕ್‌ಟಾಪ್, ಒಂದು ಎಸ್‌ಎಸ್‌ಡಿ, ಒಂದು ಯುಪಿಎಸ್ ಸಾಕು.

ಎಲ್ಲರಿಗೂ ಕಮಿಟ್ ನಿಲ್ಲಿಸಲು ಹೇಳಿ. ‘ಎಸ್‌ವಿಎನ್‌ಅಡ್ಮಿನ್ ಹಾಟ್‌ಕಾಪಿ’ಯಿಂದ (ಇಡೀ ರೆಪೊಸಿಟರಿಯ ನಕಲು) ಹೊಸ ಡಿಸ್ಕಿಗೆ ತನ್ನಿ, ಯುಯುಐಡಿ (ರೆಪೊಸಿಟರಿಯ ಗುರುತು ಸಂಖ್ಯೆ), ಹುಕ್ಸ್ (ಕಮಿಟ್ ಮುಂತಾದ ಹೊತ್ತಿಗೆ ಓಡುವ ಸ್ಕ್ರಿಪ್ಟ್‌ಗಳು) ಎಲ್ಲ ಹಾಗೇ ಬರುತ್ತವೆ. ಕಾನ್ಫ್ ಫೋಲ್ಡರಿನ ಎಸ್‌ವಿಎನ್‌ಸರ್ವ್.ಕಾನ್ಫ್‌ನಲ್ಲಿ ‘ಆನಾನ್-ಆಕ್ಸೆಸ್ = ನನ್’, ‘ಆಥ್-ಆಕ್ಸೆಸ್ = ರೈಟ್’, ‘ಪಾಸ್‌ವರ್ಡ್-ಡಿಬಿ = ಪಾಸ್‌ಡಬ್ಲ್ಯುಡಿ’. ಆ ಪಾಸ್‌ವರ್ಡ್ ಕಡತ ಮುಚ್ಚುಮರೆಯಿಲ್ಲದ ಅಕ್ಷರದಲ್ಲಿರುತ್ತದೆ, ಪರ್ಮಿಷನ್ 600 (ಒಡೆಯ ಮಾತ್ರ ಓದಿ ಬರೆಯುವಂತೆ) ಮಾಡಿ. ಫೈರ್‌ವಾಲ್‌ನಲ್ಲಿ ಎಸ್‌ವಿಎನ್‌ಸರ್ವ್‌ನ ಪೋರ್ಟ್ 3690 ತೆರೆಯಿರಿ. ಕೊನೆಗೆ ಪ್ರತಿ ವರ್ಕಿಂಗ್ ಕಾಪಿಯಲ್ಲಿ ‘ಎಸ್‌ವಿಎನ್ ರಿಲೊಕೇಟ್’ ಕೊಟ್ಟು ಹಳೆಯ ವಿಳಾಸ, ಹೊಸ ವಿಳಾಸ ಬರೆಯಿರಿ. ಮತ್ತೆ ಚೆಕೌಟ್ ಮಾಡುವ ಅಗತ್ಯವಿಲ್ಲ. ನ್ಯಾಸ್‌ನ ಹಳೆಯ ರೆಪೊಸಿಟರಿಯನ್ನು ರೀಡ್-ಓನ್ಲಿ ಮಾಡಿ, ಇಲ್ಲದಿದ್ದರೆ ಯಾರಾದರೂ ಮರೆತು ಅದಕ್ಕೇ ಕಮಿಟ್ ಕೊಡುತ್ತಾರೆ.

ವರ್ಕಿಂಗ್ ಕಾಪಿಯನ್ನೂ ನ್ಯಾಸ್‌ನಲ್ಲಿ ಇಡಬೇಡಿ. ಅದರೊಳಗಿನ ‘ಡಬ್ಲ್ಯುಸಿ.ಡಿಬಿ’ ಎಸ್‌ಕ್ಯುಲೈಟ್ (ಒಂದೇ ಕಡತದ ಡೇಟಾಬೇಸ್) ಕಡತ, ಅದಕ್ಕೂ ಇದೇ ಬೀಗದ ಕಾಯಿಲೆ ಅಂಟುತ್ತದೆ.

ಅಪ್ಪೆಮಿಡಿ:
ಡೆಸ್ಕ್‌ಟಾಪ್ ಇದೆ, ನಾಳೆ ಮಾಡುತ್ತೇವೆ. ನ್ಯಾಸ್ ಬ್ಯಾಕಪ್‌ಗೆ ಇರಲಿ ಅಂತ. ರಾತ್ರಿ ಹಾಟ್‌ಕಾಪಿಯನ್ನು ನೇರ ಅದರ ಮೌಂಟಿಗೇ ಕೊಡಬಹುದಾ?

ಅಘನಾಶಿನಿ:
ಬೇಡ. ಹಾಟ್‌ಕಾಪಿ ತಲುಪುವ ಕಡೆಯ ರೆಪೊಸಿಟರಿಗೂ ರೈಟ್-ಲಾಕ್ ಹಿಡಿಯುತ್ತದೆ, ಮತ್ತೆ ಎನ್‌ಎಫ್‌ಎಸ್ ಬಾಗಿಲಿಗೇ ಬಂದಿರಿ. ಡೆಸ್ಕ್‌ಟಾಪಿನ ಇನ್ನೊಂದು ಫೋಲ್ಡರಿಗೆ ‘--ಇಂಕ್ರಿಮೆಂಟಲ್’ (ಹೊಸದಾಗಿ ಸೇರಿದ್ದನ್ನಷ್ಟೇ ನಕಲಿಸುವುದು) ಹಾಕಿ ಹಾಟ್‌ಕಾಪಿ ಮಾಡಿ. ಯಾರಾದರೂ ಕಮಿಟ್ ಮಾಡುತ್ತಿದ್ದರೂ ಅಡ್ಡಿಯಿಲ್ಲ. ಅದು ಮುಗಿದ ಮೇಲೆ ಆ ಫೋಲ್ಡರನ್ನು ಆರ್‌ಸಿಂಕ್‌ನಿಂದ (ಕಡತ ನಕಲಿಸುವ ಕಮಾಂಡ್) ನ್ಯಾಸ್‌ಗೆ ಕಳಿಸಿ.