ಲೇಬಲ್ ಮೆಷಿನ್ ಬೋರ್ಡಿಗೆ ಯಾವ ಆರ್‌ಟಿಒಎಸ್? ಬಳಸಿದವರು ಹೇಳಿ

ತುಮಕೂರು (ಪ್ರಶ್ನೆ): ಬಾಟಲಿಗೆ ಲೇಬಲ್ ಅಂಟಿಸುವ ಮೆಷಿನ್‌ಗೆ ಬೋರ್ಡ್ ಮಾಡುತ್ತಿದ್ದೇನೆ. ಎಸ್‌ಟಿಎಂ32ಎಫ್407 ಚಿಪ್, ಎರಡು ಸ್ಟೆಪ್ಪರ್ ಮೋಟಾರ್, ಬೇರೆ ಮೆಷಿನ್ ಜೊತೆ ಮಾತಾಡೋಕೆ ಮಾಡ್‌ಬಸ್, ಒಂದು ಡಿಸ್‌ಪ್ಲೇ. ಈಗ ಸೂಪರ್‌ಲೂಪ್, ಅಂದರೆ ಎಲ್ಲ ಕೆಲಸ ಒಂದೇ ಲೂಪಿನಲ್ಲಿ ಒಂದಾದ ಮೇಲೊಂದು. ಡಿಸ್‌ಪ್ಲೇ ಬರೆಯುವಾಗೆಲ್ಲ ಲೇಬಲ್ 2 ಮಿ.ಮೀ. ಜಾರುತ್ತದೆ. ಕೆಲಸಗಳಿಗೆ ಸಮಯಕ್ಕೆ ಸರಿಯಾಗಿ ಸರದಿ ಹಂಚುವ ಪುಟ್ಟ ಆಪರೇಟಿಂಗ್ ಸಿಸ್ಟಮ್ (ಆರ್‌ಟಿಒಎಸ್) ಹಾಕಬೇಕು ಅಂದುಕೊಂಡಿದ್ದೇನೆ. ಫ್ರೀಆರ್‌ಟಿಒಎಸ್ ಹಿಡಿಯಲಾ, ಝೆಫಿರ್ ಹಿಡಿಯಲಾ, ದುಡ್ಡು ಕೊಟ್ಟು ತಗೊಳ್ಳಲಾ?

ಪೀಣ್ಯ: ಫ್ರೀಆರ್‌ಟಿಒಎಸ್. ಎಂಟು ವರ್ಷದಿಂದ ಅದೇ ನನಗೆ ಅನ್ನ ಹಾಕುತ್ತಿದೆ. ಆದರೆ ಮೊದಲ ಬೋರ್ಡ್ 23 ದಿನ ನಿದ್ದೆ ಕೆಡಿಸಿತು. ಪಾರ್ಟಿಯ ಶೆಡ್‌ನಲ್ಲಿ ದಿನಕ್ಕೊಂದು ಸಲ ಸುಮ್ನೆ ನಿಂತುಬಿಡುತ್ತಿತ್ತು. ಪವರ್ ಸಪ್ಲೈ (ಎಸ್‌ಎಂಪಿಎಸ್) ಬದಲಿಸಿದೆ, 4,200 ರೂಪಾಯಿ. ಶೀಲ್ಡ್ ಕೇಬಲ್ ಎಳೆಸಿದೆ, 6,800. ಅರ್ಥಿಂಗ್ ಗುಂಡಿ ಹೊಸದಾಗಿ ತೋಡಿಸಿದೆ, 11,000. ತಪ್ಪಿದ್ದದ್ದು ಒಂದು ಸಾಲಿನಲ್ಲಿ! ಸೀರಿಯಲ್ ಪೋರ್ಟಿನ (ಯುಆರ್ಟ್) ಇಂಟರಪ್ಟ್, ಅಂದರೆ ನಡೆಯುವ ಕೆಲಸ ತಡೆದು ಒಳನುಗ್ಗುವ ಕರೆ, ಅದರ ಪ್ರಯಾರಿಟಿ 0 ಇತ್ತು, ಆರ್‌ಟಿಒಎಸ್‌ನ ತಿರುಳಾದ ಕರ್ನಲ್‌ನ ಮಿತಿ 5. ಕಾರ್ಟೆಕ್ಸ್-ಎಂ ಪ್ರೊಸೆಸರ್‌ನಲ್ಲಿ ಸಂಖ್ಯೆ ಕಡಿಮೆ ಆದಷ್ಟೂ ಜೋರು ಜಾಸ್ತಿ. ಕರ್ನಲ್ ತನ್ನ ಪಟ್ಟಿ ತಿದ್ದುತ್ತಿರುವಾಗಲೇ ಆ ಇಂಟರಪ್ಟ್ ನುಗ್ಗಿ ಕ್ಯೂಗೆ (ಸಂದೇಶಗಳ ಸಾಲಿಗೆ) ಡೇಟಾ ಹಾಕುತ್ತಿತ್ತು, ಪಟ್ಟಿ ಕೆಡುತ್ತಿತ್ತು. ಇಂಥ ತಪ್ಪು ಹಿಡಿಯುವ ಕಾನ್ಫಿಗ್‌ಅಸರ್ಟ್ ಇದ್ದಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ಫ್ಲ್ಯಾಶ್ ಉಳಿಸೋಕೆ ಅಂತ ನಾನೇ ತೆಗೆದಿದ್ದೆ.

ಮೈಸೂರು: ನಮ್ಮ ವರ್ಕ್‌ಶಾಪ್ 2021ರಲ್ಲಿ ಉಳಿದದ್ದೇ ಝೆಫಿರ್‌ನಿಂದ. ಚಿಪ್ ಬರ ಬಂತಲ್ಲ, 340 ರೂಪಾಯಿಯ ಚಿಪ್‌ಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 2,900 ಕೇಳಿದರು. ಬೇರೆ ಕಂಪನಿಯ ಚಿಪ್‌ಗೆ ಹೋದೆವು. ಬೋರ್ಡಿನಲ್ಲಿ ಏನೇನಿದೆ ಅಂತ ಝೆಫಿರ್‌ಗೆ ಹೇಳುವ ಡಿವೈಸ್‌ಟ್ರೀ ಫೈಲಿಗೆ 9 ದಿನ ಹಿಡಿಯಿತು, ನಮ್ಮ ಕೋಡ್‌ನಲ್ಲಿ ಬದಲಾದದ್ದು 40 ಸಾಲು. ಪೆಟ್ಟು ತಿಂದದ್ದೂ ಇದೆ. ಹಳೇ ಫ್ರೀಆರ್‌ಟಿಒಎಸ್ ಟಾಸ್ಕ್ (ಒಂದು ಕೆಲಸದ ಕೋಡ್) ತಂದಾಗ ಅದರ ಸ್ಟ್ಯಾಕ್, ಅಂದರೆ ಅದಕ್ಕೆ ಮೀಸಲಿಟ್ಟ ಮೆಮೊರಿ, 512 ಅಂತಲೇ ಬಿಟ್ಟಿದ್ದೆ. ಅಲ್ಲಿ ಅದು ನಾಲ್ಕು ಬೈಟಿನ ವರ್ಡ್, ಅಂದರೆ 2 ಕೆಬಿ. ಇಲ್ಲಿ ಬರೀ ಬೈಟ್. ನಾಲ್ಕು ದಿನ ಹಾಳು.

ಪೀಣ್ಯ: ಒಂದು ಎಲ್‌ಇಡಿ ಮಿನುಗಿಸೋಕೆ ಡಿವೈಸ್‌ಟ್ರೀ, ಸೆಟ್ಟಿಂಗ್‌ಗೆ ಕೆಕಾನ್ಫಿಗ್, ಬಿಲ್ಡ್ ಮಾಡೋಕೆ ವೆಸ್ಟ್! ಸಣ್ಣ ಶೆಡ್‌ನವರ ತಲೆಗೆ ಇದನ್ನು ಕಟ್ಟಬೇಡಿ. ನಮ್ಮ ಹುಡುಗ ಎರಡು ತಿಂಗಳು ಅದರಲ್ಲೇ ಕಳೆದ. ಸಂಬಳ ಕೊಟ್ಟವನು ನಾನು.

ಮೈಸೂರು: ಹುಡುಗನಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ ಅನ್ನಿ. ಟೂಲ್ ಮೇಲೆ ಯಾಕೆ ಹಾಕುತ್ತೀರಿ?

ದಾವಣಗೆರೆ, ಈಗ ಜರ್ಮನಿ: ನಾವು ದುಡ್ಡು ಕೊಟ್ಟು ಥ್ರೆಡ್‌ಎಕ್ಸ್ ಅನ್ನುವ ಆರ್‌ಟಿಒಎಸ್ ತಗೊಂಡವರು. 2019ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, 2023ರಲ್ಲಿ ಎಕ್ಲಿಪ್ಸ್ ಫೌಂಡೇಶನ್‌ಗೆ ಕೊಟ್ಟಿತು. ಈಗ ಎಂಐಟಿ ಲೈಸೆನ್ಸ್, ಎಲ್ಲರಿಗೂ ಬಿಟ್ಟಿ. ಹೊಟ್ಟೆ ಉರಿಯುತ್ತೆ, ಸುಳ್ಳು ಹೇಳಲ್ಲ. ಆದರೂ ಸುರಕ್ಷತಾ ಮಾನದಂಡ ಐಇಸಿ 61508ರ ಸರ್ಟಿಫಿಕೇಟ್ ಮುಂದಿಟ್ಟಾಗ ಆಡಿಟರ್ ಕರ್ನಲ್ ಬಗ್ಗೆ ಮತ್ತೆ ಬಾಯಿ ತೆಗೆಯಲಿಲ್ಲ. ಆ ಒಂದು ದಿನಕ್ಕೆ ಕೊಟ್ಟ ದುಡ್ಡು ಅದು.

ಹುಬ್ಬಳ್ಳಿ: ಆರ್‌ಟಿಒಎಸ್ ಯಾಕೆ ಬೇಕ್ರೀ? 14 ವರ್ಷದಿಂದ ನನ್ನ ಮೆಷಿನ್‌ಗಳು ಸೂಪರ್‌ಲೂಪ್ ಮೇಲೇ ಓಡುತ್ತಿವೆ. ಸ್ಟೆಪ್ಪರ್ ಪಲ್ಸ್ ಟೈಮರ್ ಹಾರ್ಡ್‌ವೇರ್‌ಗೆ ಬಿಡಿ, ಡಿಸ್‌ಪ್ಲೇ ಡಿಎಂಎಗೆ ಬಿಡಿ, ಪ್ರೊಸೆಸರ್‌ಗೆ ಕೆಲಸ ಕೊಡದೆ ಅದೇ ಡೇಟಾ ಸಾಗಿಸುತ್ತೆ. 1997ರಲ್ಲಿ ಮಂಗಳದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯಲ್ಲಿ ವಿಎಕ್ಸ್‌ವರ್ಕ್ಸ್ ಅನ್ನುವ ಆರ್‌ಟಿಒಎಸ್ ಇತ್ತು, ಪದೇ ಪದೇ ರೀಸೆಟ್ ಆಗಲಿಲ್ವಾ?

ಪೀಣ್ಯ: ಅದು ಕರ್ನಲ್ ತಪ್ಪಲ್ಲ, ಅರ್ಧ ಕಥೆ ಹೇಳಬೇಡಿ. ಕಡಿಮೆ ಪ್ರಯಾರಿಟಿಯ ಹವಾಮಾನದ ಟಾಸ್ಕ್ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಟಾಸ್ಕ್‌ಗೆ ಸಿಗುವ ಬೀಗ) ಹಿಡಿದಿತ್ತು, ನಡುವಿನ ಟಾಸ್ಕ್ ಅದನ್ನು ಓಡೋಕೆ ಬಿಡಲಿಲ್ಲ, ಎಲ್ಲಕ್ಕಿಂತ ಮೇಲಿನ, ಡೇಟಾ ಸಾಗಿಸುವ ಬಸ್ ಟಾಸ್ಕ್ ಆ ಬೀಗಕ್ಕೆ ಕಾದು ಕೂತಿತು. ಬೀಗ ಹಿಡಿದ ಟಾಸ್ಕ್‌ಗೆ ಕಾಯುವ ಟಾಸ್ಕ್‌ನ ಪ್ರಯಾರಿಟಿ ಕೊಡುವ ಪ್ರಯಾರಿಟಿ ಇನ್‌ಹೆರಿಟೆನ್ಸ್ ಆಫ್ ಇತ್ತು. ಭೂಮಿಯಿಂದಲೇ ಆನ್ ಮಾಡಿ ಸರಿಪಡಿಸಿದರು.

ಮೈಸೂರು: ಇಷ್ಟು ಗೊತ್ತಿದ್ದೂ ನೀವು ಎಸ್‌ಪಿಐಗೆ (ಚಿಪ್‌ಗಳ ನಡುವಿನ ಡೇಟಾ ದಾರಿ) ಮ್ಯೂಟೆಕ್ಸ್ ಬಿಟ್ಟು ಬೈನರಿ ಸೆಮಾಫೋರ್ ಅನ್ನುವ ಸಿಗ್ನಲ್ ಇಟ್ಟಿದ್ದೀರಿ, ಹೋದ ತಿಂಗಳು ನೀವೇ ಬರೆದದ್ದು. ಅದಕ್ಕೆ ಇನ್‌ಹೆರಿಟೆನ್ಸ್ ಇರಲ್ಲ.

ಪೀಣ್ಯ: ಆ ಎಸ್‌ಪಿಐ ಮುಟ್ಟುವುದು ಒಂದೇ ಟಾಸ್ಕ್! ಸೆಮಾಫೋರ್ ಇರೋದು ಇಂಟರಪ್ಟ್‌ನಿಂದ ಆ ಟಾಸ್ಕ್ ಎಬ್ಬಿಸೋಕೆ. ಓದಿ ಬೈಯಿರಿ.

ತುಮಕೂರು: ಹುಬ್ಬಳ್ಳಿ ಸರ್, ಡಿಸ್‌ಪ್ಲೇ ಎಸ್‌ಪಿಐ1 ಮೇಲಿದೆ. ಡಿಎಂಎ ಯಾವುದು ಹಿಡಿಯಲಿ?

ಹುಬ್ಬಳ್ಳಿ: ಡಿಎಂಎ2, ಸ್ಟ್ರೀಮ್ 3, ಚಾನಲ್ 3. ಡಿಸ್‌ಪ್ಲೇಗೆ ಹೋಗುವ ಡೇಟಾದ ಬಫರ್ ಮಾತ್ರ ಪ್ರೊಸೆಸರ್‌ಗಷ್ಟೇ ಸಿಗುವ ಸಿಸಿಎಂ ರ‍್ಯಾಮ್‌ನಲ್ಲಿ ಇಡಬೇಡಿ, ಡಿಎಂಎ ಅಲ್ಲಿಗೆ ಮುಟ್ಟಲ್ಲ. ಡಿಸ್‌ಪ್ಲೇ ಬಿಳಿಯಾಗಿಯೇ ಇರುತ್ತೆ. ನನ್ನದೊಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.