ಎಸ್ಸೆಸ್ಸೆಲ್ಸಿ ನಂತರದ ಆಯ್ಕೆಗೆ ಸಾಮರ್ಥ್ಯ ಪರೀಕ್ಷೆ ನೆರವಾದೀತೇ?

ಪ್ರಶ್ನೆ (ಪೋಷಕಿ, ಹಾಸನ): ಹತ್ತನೇ ತರಗತಿಯಲ್ಲಿರುವ ನನ್ನ ಮಗಳಿಗೆ ಗಣಿತದಲ್ಲಿ ಒಳ್ಳೆಯ ಅಂಕಗಳು ಬರುತ್ತಿದ್ದರೂ, ಬಿಡುವಿನ ವೇಳೆಯನ್ನೆಲ್ಲ ಅವಳು ಕಟ್ಟಡಗಳ ಚಿತ್ರ ಬಿಡಿಸುವುದರಲ್ಲೇ ಕಳೆಯುತ್ತಾಳೆ. ಬಂಧುಗಳು ಪಿಯುಸಿಯಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಕೊಡಿಸಿ ಎನ್ನುತ್ತಿದ್ದಾರೆ. ಸಾಮರ್ಥ್ಯ ಪರೀಕ್ಷೆ (ಆಪ್ಟಿಟ್ಯೂಡ್ ಟೆಸ್ಟ್) ಮಾಡಿಸಿದರೆ ನಿರ್ಧಾರ ಸುಲಭವಾದೀತೇ?

ಉತ್ತರ 1 (ನಿವೃತ್ತ ಶಿಕ್ಷಕ): ಪರೀಕ್ಷೆ ದಾರಿಯನ್ನು ಸೂಚಿಸಬಹುದೇ ಹೊರತು ತೀರ್ಪು ನೀಡಲಾರದು. ಎನ್‌ಸಿಇಆರ್‌ಟಿ ಮತ್ತು ಸಿಬಿಎಸ್‌ಇ ರೂಪಿಸಿರುವ ‘ತಮನ್ನಾ’ ಪರೀಕ್ಷೆಯು ಭಾಷೆ, ಸಂಖ್ಯೆ, ಯಾಂತ್ರಿಕ ತರ್ಕ, ಆಕಾರಗಳ ಗ್ರಹಿಕೆ ಮುಂತಾದ 7 ಸಾಮರ್ಥ್ಯಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಅದರಲ್ಲಿ ಉತ್ತೀರ್ಣ, ಅನುತ್ತೀರ್ಣ ಎಂಬುದೇ ಇಲ್ಲ. ವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯಲ್ಲಿ ಆಕಾರಗಳ ಗ್ರಹಿಕೆಗೆ ಪ್ರತ್ಯೇಕ ಅಂಕವಿಲ್ಲ ಎಂಬುದನ್ನು ಗಮನಿಸಿ.

ಉತ್ತರ 2 (ಆಪ್ತಸಮಾಲೋಚಕಿ): ಸಾಮರ್ಥ್ಯದ ಜೊತೆಗೆ ಆಸಕ್ತಿಯನ್ನೂ ಅಳೆಯಬೇಕು. ಅಮೆರಿಕದ ಮನೋವಿಜ್ಞಾನಿ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಬೆಳೆದ ವಿಧಾನವು ವೃತ್ತಿ ಆಸಕ್ತಿಗಳನ್ನು 6 ಬಗೆಗಳಾಗಿ ವಿಂಗಡಿಸುತ್ತದೆ. ಆದರೆ ಹದಿನೈದರ ವಯಸ್ಸಿನಲ್ಲಿ ಆಸಕ್ತಿಗಳು ಇನ್ನೂ ಬದಲಾಗುತ್ತಿರುತ್ತವೆ. ಜೊತೆಗೆ, ಕಂಡರಿಯದ ವೃತ್ತಿಯನ್ನು ಮಗು ಪ್ರಶ್ನಾವಳಿಯಲ್ಲಿ ಹೇಗೆ ತಾನೇ ಮೆಚ್ಚೀತು? ಆದ್ದರಿಂದ ಒಮ್ಮೆ ವಾಸ್ತುಶಿಲ್ಪಿಯೊಬ್ಬರ ಕಚೇರಿಯಲ್ಲಿ ಕೆಲಸ ನಡೆಯುವ ರೀತಿಯನ್ನು ತೋರಿಸಿ.

ಉತ್ತರ 3: ವಾಸ್ತುಶಿಲ್ಪ ಪದವಿಗೆ ನಾಟಾ (ವಾಸ್ತುಶಿಲ್ಪದ ರಾಷ್ಟ್ರೀಯ ಸಾಮರ್ಥ್ಯ ಪರೀಕ್ಷೆ) ಅಥವಾ ಜೆಇಇ ಮೇನ್‌ನ ಎರಡನೇ ಪತ್ರಿಕೆ ಬರೆಯಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು, ಜೀವಶಾಸ್ತ್ರ ಕಡ್ಡಾಯವಲ್ಲ. ಹೀಗಾಗಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನವಿರುವ ಪಿಸಿಎಂಸಿ ತೆಗೆದುಕೊಂಡರೂ ವಾಸ್ತುಶಿಲ್ಪದ ಬಾಗಿಲಾಗಲಿ ಎಂಜಿನಿಯರಿಂಗ್ ಬಾಗಿಲಾಗಲಿ ಮುಚ್ಚುವುದಿಲ್ಲ. ಜೀವಶಾಸ್ತ್ರ ಬೇಕಾಗುವುದು ವೈದ್ಯಕೀಯಕ್ಕೆ; ಆ ಆಸೆ ಬಂಧುಗಳದೋ ಮಗಳದೋ ಎಂಬುದನ್ನು ಮಾತ್ರ ಅವಳನ್ನೇ ಕೇಳಿ ತಿಳಿಯಿರಿ.